ಕತ್ತಲೆ ಕೋಣೆಯ ಒಂಬತ್ತು ಜನ

ಹೂಂಗುಟ್ಟುವವರು ಮುಂದೆ ಬಂದು ಕೂತುಕೊಳ್ಳಿ. ಹೂಂ ಇಲ್ಲದೆ ಈ ಕತೆ ನಡೆಯುವುದಿಲ್ಲ.

ಕಡಲ ಕರೆಯ ಊರಿನಲ್ಲಿ ಒಬ್ಬಳು ತಾಯಿ, ಅವಳಿಗೆ ಒಬ್ಬನೇ ಮಗ. ತಾಯಿ ರುಕ್ಕು, ಮಗ ನಾರ್ಣ. ಮಗನಿಗೆ ವಯಸ್ಸು ಇಪ್ಪತ್ತಾರು, ಮೀಸೆ ದಪ್ಪ, ತೋಳು ಗಟ್ಟಿ, ಬುದ್ಧಿ ಹೇಳಿದಷ್ಟೇ. ಹೇಳಿದಷ್ಟೇ ಅಂದರೆ ಹೇಳಿದಷ್ಟೇ! ನೀರು ಕಾಯಿಸು ಅಂದರೆ ಕಾಯಿಸುತ್ತಿದ್ದ. ಇಳಿಸು ಅನ್ನುವ ತನಕ ಕಾಯಿಸುತ್ತಿದ್ದ. ಹಂಡೆ ಒಣಗಿ ಕೆಂಪಾದರೂ ಕಾಯಿಸುತ್ತಿದ್ದ.

"ಅಯ್ಯೋ ಮಗಾ! ನಾನು ಸತ್ತ ಮೇಲೆ ನಿನಗೆ ಹೇಳುವವರು ಯಾರೋ!"

"ನೀನೇ ಹೇಳಿ ಹೋಗಮ್ಮ."

ರುಕ್ಕು ಹಣೆ ಹಣೆ ಚಚ್ಚಿಕೊಳ್ಳುವಳು.

ಅವಳ ಗಂಡ ಸೋಮ ದೋಣಿಯವನು, ಮಾತು ಕಡಿಮೆ. ಏನು ಕೇಳಿದರೂ ಒಮ್ಮೆ ಕೆಮ್ಮುವನು, "ಹೂಂ" ಅನ್ನುವನು, ಅಷ್ಟೇ. ಉಂಡಿರಾ? ಹೂಂ. ಹೊರಟಿರಾ? ಹೂಂ. ನಾಲ್ಕು ವರ್ಷದ ಹಿಂದೆ ತೂಫಾನು ಎದ್ದ ದಿನ ಕಟ್ಟಿದ ದೋಣಿ ನೋಡಿ ಬರುತ್ತೇನೆಂದು ಕಡಲಿಗೆ ಇಳಿದ. "ಬೇಗ ಬರುತ್ತೀರಲ್ಲ?" ಅಂದಳು ರುಕ್ಕು. "ಹೂಂ" ಅಂದ. ಮೂರನೆಯ ದಿನ ದೋಣಿ ತಾನಾಗಿ ದಡಕ್ಕೆ ಬಂತು. ಸೋಮ ಬರಲಿಲ್ಲ.

"ಅಪ್ಪ ಎಲ್ಲಮ್ಮ?" ಅಂದ ನಾರ್ಣ.

"ಬರುತ್ತಾರೆ ಮಗಾ."

ಅವತ್ತು ಬಾಯಿಗೆ ಬಂದ ಮಾತು ಅದು. ಮಾರನೆಯ ದಿನವೂ ಅದನ್ನೇ ಹೇಳಿದಳು, ಮರುವರ್ಷವೂ ಅದನ್ನೇ ಹೇಳಿದಳು. ಹೇಳಿ ಹೇಳಿ ಅವಳ ಕಿವಿಯೂ ನಂಬತೊಡಗಿತ್ತು. ಒಂದೇ ಕಷ್ಟ. ಗಾಳಿ ಎದ್ದರೆ ಸಾಕು, ನಾರ್ಣ ಅಪ್ಪನನ್ನು ಹುಡುಕಲು ಕಡಲಿಗೆ ಓಡುವನು. ಹೋದ ಮಳೆಗಾಲದಲ್ಲಿ ಎದೆಯುದ್ದ ನೀರಿಗಿಳಿದಿದ್ದವನನ್ನು ಅಂಗಿ ಹಿಡಿದು ಎಳೆದು ತಂದಿದ್ದಳು.

ಹೀಗಿರುವಾಗ ಶಾಲೆಯ ಜಗಲಿಯಲ್ಲಿ ಸಭೆಯಾಯಿತು. ಪೇಟೆಯಿಂದ ಬಂದ ಮೇಡಂ ಒಬ್ಬರು ಹೇಳಿದರು: "ತೂಫಾನಿಗೆ ಹೊಸ ಮನೆ ಕಟ್ಟಬೇಕಾಗಿಲ್ಲ. ಇರುವ ಮನೆಯಲ್ಲೇ ನಡುವಿನ ಸಣ್ಣ ಕೋಣೆ ಆರಿಸಿ. ಕಿಟಕಿ ಇರಬಾರದು. ಮೇಲೆ ಗಟ್ಟಿ ಮುಚ್ಚಿಗೆ ಹಾಕಿ, ಅದನ್ನು ಗೋಡೆಗೆ ಬಿಗಿಯಿರಿ. ದಪ್ಪ ಬಾಗಿಲು ಇಡಿ. ಹಂಚು ಹಾರಿದರೂ ಆ ಕೋಣೆ ನಿಲ್ಲುತ್ತದೆ."

ರುಕ್ಕುವಿನ ಮನೆ ದಿಬ್ಬದ ಮೇಲಿತ್ತು. ಅಲ್ಲಿಗೆ ನೀರು ಹತ್ತುತ್ತಿರಲಿಲ್ಲ, ಗಾಳಿ ಮಾತ್ರ ತಪ್ಪುತ್ತಿರಲಿಲ್ಲ. ಮನೆಯ ನಡುವೆ ಒಂದು ಕತ್ತಲೆ ಕೋಣೆ. ಅದರಲ್ಲಿ ಉಪ್ಪಿನಕಾಯಿ ಭರಣಿ, ಅಕ್ಕಿ ಮುಡಿ, ಮೂಲೆಯಲ್ಲಿ ಸೋಮನ ಬಲೆ. ಇದೇ ಸರಿ ಅಂದುಕೊಂಡಳು. ಗಾಳಿ ಬಂದರೆ ಮಗನನ್ನು ಒಳಗೆ ಹಾಕಿ ಬಾಗಿಲು ಹಾಕಬೇಕು. ಅಷ್ಟಾದರೆ ಸಾಕು.

ವಾಸಾಚಾರಿಯನ್ನು ಕರೆಸಿದಳು. ಸೋಮನ ಜೊತೆಗಾರ, ಬಾಯಿ ಜೋರು, ಕೆಲಸ ಚೊಕ್ಕ. ಆಚಾರಿ ಹಲಸಿನ ತೊಲೆ ಇಟ್ಟ, ಹಲಗೆ ಹಾಸಿದ, ಗೋಡೆಗೆ ಕಬ್ಬಿಣದ ಬಳೆ ಕೂರಿಸಿದ. ಊಟಕ್ಕೆ ಹೋಗುವಾಗ, "ರುಕ್ಕಕ್ಕ, ನಾನು ಕಬ್ಬಿಣದ ಪಟ್ಟಿ ತರುವ ತನಕ ತೊಲೆಯನ್ನು ಬಳೆಗೆ ಕಟ್ಟಿಸಿಡಿ" ಅಂದ.

"ನಾರ್ಣ, ತೊಲೆ ಕಟ್ಟು ಮಗಾ. ಅಪ್ಪ ದೋಣಿ ಕಟ್ಟುತ್ತಿದ್ದ ಹಾಗೆ ಕಟ್ಟು" ಅಂದಳು ರುಕ್ಕು.

ನಾರ್ಣ ಕಟ್ಟಿದ. ಆಚಾರಿ ಬಂದು ಏಣಿ ಹತ್ತಿ ತೊಲೆಗೆ ಕೈ ಹಚ್ಚಿದ. ಹಗ್ಗ ಜೋಲಿ ಹೊಡೆಯುತ್ತಿತ್ತು. ಒಂದೊಂದು ಬಳೆಗೂ ಎರಡೆರಡು ಮಾರು ಸಡಿಲ!

"ಎಂತ ಮಾರಾಯ ಇದು? ಮುಚ್ಚಿಗೆಯಾ, ತೊಟ್ಟಿಲಾ?"

"ಸಡಿಲ ಬಿಡಬೇಕು ಆಚಾರ್ರೆ. ಬಿಗಿದು ಕಟ್ಟಿದರೆ ಭರತದ ನೀರು ಏರಿದಾಗ ದೋಣಿ ಏಳುವುದು ಹೇಗೆ?"

"ಅಟ್ಟಕ್ಕೆ ಎಲ್ಲಿಂದ ಬರುತ್ತದೋ ಭರತ!"

"ಅಪ್ಪ ಹೀಗೇ ಕಟ್ಟುವುದು. ಅಮ್ಮ ಹಾಗೇ ಕಟ್ಟು ಅಂದಳು."

ರುಕ್ಕು ಹಗ್ಗ ಬಿಚ್ಚಲು ಹೋದಳು. ಗಂಟು ನೋಡಿದಳು. ಎರಡು ಸುತ್ತು, ಒಂದು ಕುಣಿಕೆ, ತುದಿ ಒಳಗೆ. ಸೋಮನದೇ ಗಂಟು. ಬಿಚ್ಚಲು ಅವಳಿಗೆ ತುಂಬ ಹೊತ್ತು ಹಿಡಿಯಿತು.

"ಪೆದ್ದಾ! ಇನ್ನು ಮೇಲೆ ಏನೇ ಇರಲಿ, ಬಿಗಿ ಮಾಡು! ಬೆರಳು ಹೋಗುವಷ್ಟೂ ಸಂದು ಬಿಡಬೇಡ!"

"ಸರಿಯಮ್ಮ. ಬಿಗಿ. ಬೆರಳು ಹೋಗಬಾರದು."

ಆಚಾರಿ ಕಬ್ಬಿಣದ ಪಟ್ಟಿ ಹೊಡೆದ. ನಾಲ್ಕು ದಿನದ ಮೇಲೆ ಬಾಗಿಲು ಬಂತು. ಎರಡು ಬೆರಳು ದಪ್ಪದ ಹಲಸಿನ ಬಾಗಿಲು, ಮೂರು ಅಗುಳಿ. ಆಚಾರಿ ಒಳಗೆ ಕೂತು ಅಗುಳಿ ಕೂರಿಸುತ್ತಿದ್ದ. ರುಕ್ಕು ಬಾವಿಗೆ ಹೊರಟಿದ್ದಳು.

"ನಾರ್ಣ, ಬಾಗಿಲು ಹಾಕಿ ನೋಡು, ಎಲ್ಲಾದರೂ ಗಾಳಿ ನುಗ್ಗುತ್ತದಾ ಅಂತ."

ನಾರ್ಣ ಬಾಗಿಲು ಎಳೆದ. ಬೆರಳು ಹಾಕಿ ನೋಡಿದ. ಬೆರಳು ಹೋಯಿತು! ತಂದ ಸುತ್ತಿಗೆ, ತಂದ ಮೊಳೆ. ಠಕ್ ಠಕ್ ಠಕ್! ಹನ್ನೊಂದು ಮೊಳೆ ಹೊಡೆದ. ಉಳಿದ ಸಂದಿಗೆ ತೆಂಗಿನ ನಾರು ತುರುಕಿದ. ನಾರಿನ ಮೇಲೆ ಜೇಡಿಮಣ್ಣು ಮೆತ್ತಿದ.

ರುಕ್ಕು ಕೊಡ ಹೊತ್ತು ಬಂದಳು. ಬಾಗಿಲು ಧಡಧಡ ಅನ್ನುತ್ತಿತ್ತು.

"ಯಾರೋ ಒಳಗೆ?"

"ನಿನ್ನ ಮಗನ ಅಜ್ಜ!" ಎಂದು ಕೂಗಿತು ಒಳಗಿನ ದನಿ.

ನಾರ್ಣನ ಮುಖ ಅರಳಿತು. "ಅಮ್ಮಾ, ಅಜ್ಜ ಬಂದಿದ್ದಾರೆ! ನಾನು ನೋಡಲೇ ಇಲ್ಲ!"

ಮೊಳೆ ಕೀಳಲು ಸಂಜೆಯಾಯಿತು. ಆಚಾರಿ ಹೊರಬಂದ. ಮೈಯೆಲ್ಲ ಬೆವರು, ಮೀಸೆಯೆಲ್ಲ ಮಣ್ಣು.

"ರುಕ್ಕಕ್ಕ, ನಿಮ್ಮ ಮಗನಿಗೆ ಹೆದರಿ ತೂಫಾನೇ ಬರುವುದಿಲ್ಲ. ಕೋಣೆ ಯಾಕೆ?"

"ಪೆದ್ದಾ! ಬಾಗಿಲು ಹಾಕುವ ಮೊದಲು ಎಣಿಸಬೇಕು! ಒಳಗೆ ಯಾರು, ಹೊರಗೆ ಯಾರು ಅಂತ ನೋಡಬೇಕು! ಎಲ್ಲರೂ ಬಂದರಾ ಅಂತ ಲೆಕ್ಕ ಮಾಡಿ ಆಮೇಲೆ ಬಾಗಿಲು!"

"ಸರಿಯಮ್ಮ. ಎಣಿಸಿ ಆಮೇಲೆ ಬಾಗಿಲು."

ಮರುದಿನ ಮುಸ್ಸಂಜೆ. "ನಾರ್ಣ, ಕೋಳಿಗೂಡಿನ ಬಾಗಿಲು ಹಾಕು."

ನಾರ್ಣ ಎಣಿಸಿದ. ಆರು ಹೇಂಟೆ ಒಳಗೆ, ಒಂದು ಹುಂಜ ಒಳಗೆ. ಎಲ್ಲರೂ ಬಂದರಾ? ಇಲ್ಲ! ಹೊರಗೆ ಬೆಕ್ಕು ಮಿಯಾಂ ಅನ್ನುತ್ತಿತ್ತು. ಎತ್ತಿ ಒಳಗೆ ಬಿಟ್ಟ. ಬಾಗಿಲು ಹಾಕಿದ, ಬಿಗಿಯಾಗಿ ಹಾಕಿದ, ಬೆರಳು ಹೋಗದ ಹಾಗೆ ಹಾಕಿದ.

ಬೆಳಿಗ್ಗೆ ಗೂಡಿನಲ್ಲಿ ಎರಡು ಹೇಂಟೆ, ಒಂದು ಮುಡಿ ಪುಕ್ಕ, ಹೊಟ್ಟೆ ಉಬ್ಬಿದ ಬೆಕ್ಕು.

"ಅಯ್ಯೋ ಅಯ್ಯೋ! ಕೋಳಿಯ ಜೊತೆ ಬೆಕ್ಕನ್ನು ಹಾಕುತ್ತಾರೇನೋ!"

"ಅದು ಹೊರಗೆ ಒಂದೇ ಇತ್ತಮ್ಮ. ಅಳುತ್ತಿತ್ತು."

"ಮನುಷ್ಯರನ್ನು ಎಣಿಸು ಪೆದ್ದಾ! ಬೆಕ್ಕಲ್ಲ, ನಾಯಿಯಲ್ಲ, ಮನುಷ್ಯರು! ಅವರಲ್ಲಿ ಒಬ್ಬರನ್ನೂ ಬಿಡಬಾರದು!"

"ಒಬ್ಬರನ್ನೂ?"

"ಒಬ್ಬರನ್ನೂ!" ಅಂದಳು ರುಕ್ಕು, ಪುಕ್ಕ ಗುಡಿಸುತ್ತ. ಏನು ಹೇಳಿದೆ ಎಂದು ಆಗ ಯೋಚಿಸಲಿಲ್ಲ.

ಎಂಟು ದಿನ ಕಳೆಯಿತು. ರೇಡಿಯೋ ಕೂಗಿತು, ಪೊಲೀಸರ ಜೀಪು ಕೂಗಿತು, ಕಡಲು ಎಲ್ಲಕ್ಕಿಂತ ಜೋರಾಗಿ ಕೂಗಿತು. ಬೆಳಿಗ್ಗೆ ಹತ್ತಕ್ಕೆ ಗಾಳಿ ತೆಂಗಿನ ತಲೆಗಳನ್ನು ನೆಲಕ್ಕೆ ಬಗ್ಗಿಸತೊಡಗಿತು. ತಗ್ಗಿನ ಮನೆಯ ಗುಲಾಬಿ ಗಂಡ ಬಾಬಣ್ಣನನ್ನು, ಸೊಸೆಯನ್ನು, ಇಬ್ಬರು ಮೊಮ್ಮಕ್ಕಳನ್ನು ಕರೆದುಕೊಂಡು ದಿಬ್ಬ ಹತ್ತಿ ಬಂದಳು. ಆಚಾರಿಯೂ ಬಂದ.

"ನಾನು ಒಳಗೆ ಕೂರುತ್ತೇನೆ ರುಕ್ಕಕ್ಕ, ಆದರೆ ಸುತ್ತಿಗೆ ನನ್ನ ಕೈಯಲ್ಲೇ ಇರಲಿ!"

ಎಲ್ಲರೂ ಕತ್ತಲೆ ಕೋಣೆ ಹೊಕ್ಕರು. ಹೊರಗೆ ಮೊದಲ ಹಂಚು ಹಾರಿತು.

"ನಾರ್ಣ! ಒಳಗೆ ಬಾ! ಬಾಗಿಲು ಹಾಕು!"

ನಾರ್ಣ ಹೊಸ್ತಿಲ ಮೇಲೆ ನಿಂತ. ತನ್ನ ಎದೆ ಮುಟ್ಟಿಕೊಂಡ. "ನಾನು ಒಂದು. ಅಮ್ಮ ಎರಡು. ಗುಲಾಬಕ್ಕ ಮೂರು. ಬಾಬಣ್ಣ ನಾಲ್ಕು. ಸೊಸೆ ಐದು. ಪುಟಾಣಿಗಳು ಆರು, ಏಳು. ಆಚಾರ್ರು ಎಂಟು."

"ಆಯಿತಲ್ಲ! ಹಾಕು!"

"ಇಲ್ಲಮ್ಮ. ಒಬ್ಬರು ಕಡಿಮೆ."

"ಯಾರೋ?"

"ಅಪ್ಪ."

ಹಂಚುಗಳು ಒಂದೊಂದಾಗಿ ಏಳುತ್ತಿದ್ದವು.

"ಒಬ್ಬರನ್ನೂ ಬಿಡಬಾರದು ಅಂದೆಯಲ್ಲ. ನಾನು ಹೋಗಿ ಕರೆದುಕೊಂಡು ಬರುತ್ತೇನೆ" ಎಂದು ನಾರ್ಣ ಕಾಲು ಹೊರಗಿಟ್ಟ.

ರುಕ್ಕು ಅವನ ತೋಳು ಹಿಡಿದಳು. ಇಪ್ಪತ್ತಾರರ ತೋಳು, ಅವಳ ಹಿಡಿತಕ್ಕೆ ನಿಲ್ಲುವಂಥದ್ದಲ್ಲ. ಈಗಲಾದರೂ ಹೇಳಬೇಕು, ಅವರು ಇಲ್ಲ ಮಗಾ ಎಂದು. ನಾಲಿಗೆ ಏಳಲಿಲ್ಲ. ಎದ್ದದ್ದು ಬೇರೆಯೇ ಮಾತು.

"ಅಪ್ಪ ಬಂದಾಯಿತು ಮಗಾ. ಆಗಲೇ ಬಂದರು."

"ನಾನು ನೋಡಲಿಲ್ಲವಲ್ಲ?"

"ನೀನು ದನ ಬಿಚ್ಚಲು ಹೋಗಿದ್ದೆ. ಅಗೋ, ಆ ಮೂಲೆಯಲ್ಲಿ ಕೂತಿದ್ದಾರೆ."

ನಾರ್ಣ ಕತ್ತಲಿನೊಳಗೆ ಕಣ್ಣು ಹಾಯಿಸಿದ. ಏನೂ ಕಾಣಲಿಲ್ಲ. "ಅಪ್ಪಾ, ಬಂದೆಯಾ?"

ಬಲೆಯಿದ್ದ ಮೂಲೆಯಿಂದ ಒಂದು ಕೆಮ್ಮು ಬಂತು. ಕೆಮ್ಮಿನ ಹಿಂದೆ ದನಿ ಬಂತು. "ಹೂಂ."

"ಒಂಬತ್ತು!" ಅಂದ ನಾರ್ಣ. ಒಳಗೆ ಬಂದ, ಬಾಗಿಲು ಹಾಕಿದ. ಒಂದು ಅಗುಳಿ, ಎರಡು ಅಗುಳಿ, ಮೂರು ಅಗುಳಿ. ಬೆರಳು ಹಾಕಿ ನೋಡಿದ. ಬೆರಳು ಹೋಗಲಿಲ್ಲ.

ತೂಫಾನು ಆರು ಗಂಟೆ ಕಾಲ ಆ ಮನೆಯನ್ನು ಜಗ್ಗಿತು. ಅಡುಗೆಮನೆಯ ಗೋಡೆ ಬಿದ್ದದ್ದು ಕೇಳಿಸಿತು. ಕತ್ತಲೆ ಕೋಣೆಯ ತೊಲೆ ಕಿರ್ ಎಂದಿತು, ಆದರೆ ಪಟ್ಟಿ ಬಿಡಲಿಲ್ಲ. ಮಕ್ಕಳು ನಾರ್ಣನ ತೊಡೆಯ ಮೇಲೆ ನಿದ್ದೆಹೋದವು.

ಮೂಲೆಯಲ್ಲಿರುವುದು ಆಚಾರಿ ಎಂದು ರುಕ್ಕುವಿಗೆ ಗೊತ್ತಿತ್ತು. ಬೀಡಿಯ ವಾಸನೆ ಬರುತ್ತಿತ್ತು. ಸೋಮ ಬೀಡಿ ಸೇದಿದವನಲ್ಲ. ಗೊತ್ತಿದ್ದರೂ ಮುಖವನ್ನು ಆ ಮೂಲೆಯ ಕಡೆಗೇ ಇಟ್ಟುಕೊಂಡು ಕೂತಳು. ಗಾಳಿ ಎಷ್ಟು ಜೋರಾಗಿತ್ತೆಂದರೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಅದೇ ಧೈರ್ಯದಲ್ಲಿ ಅವಳು ಮೆಲ್ಲಗೆ ಕೇಳಿದಳು:

"ಉಂಡಿರಾ?"

ಹೂಂ ಬಂತೋ ಇಲ್ಲವೋ. ಗಾಳಿಯಲ್ಲಿ ಕೇಳಲಿಲ್ಲ.

ನಾಲ್ಕು ಗಂಟೆಗೆ ಎಲ್ಲ ನಿಂತಿತು. ನಾರ್ಣ ಅಗುಳಿ ತೆಗೆದ. ಮನೆಗೆ ಸೂರೇ ಇರಲಿಲ್ಲ, ಮೇಲೆ ಬರೀ ಆಕಾಶ. ನಡುವೆ ಕತ್ತಲೆ ಕೋಣೆ ಮಾತ್ರ ಬೆಂಕಿಪೊಟ್ಟಣದ ಹಾಗೆ ನೆಟ್ಟಗೆ ನಿಂತಿತ್ತು. ನಾರ್ಣ ಮೊದಲು ಹೊರಗೆ ಹಾರಿ, ಬಾಗಿಲ ಪಕ್ಕದಲ್ಲಿ ನಿಂತು ಎಣಿಸಿದ.

"ನಾನು ಒಂದು. ಅಮ್ಮ ಎರಡು. ಗುಲಾಬಕ್ಕ ಮೂರು..." ಆಚಾರಿ ಕೊನೆಗೆ ತಲೆ ತಗ್ಗಿಸಿಕೊಂಡು ಬಂದ. "ಆಚಾರ್ರು ಎಂಟು."

ನಾರ್ಣ ಕಾದ. ಇನ್ನೂ ಕಾದ. ಬಾಗಿಲಿಗೆ ಕೈ ಅಡ್ಡ ಕೊಟ್ಟು ಹೇಳಿದ: "ಯಾರೂ ಬಾಗಿಲು ಹಾಕಬೇಡಿ. ಒಂಬತ್ತು ಜನ ಹೋದದ್ದು. ಅಪ್ಪ ಇನ್ನೂ ಬರಲಿಲ್ಲ."

ಗುಲಾಬಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ತಪ್ಪಾಯಿತು ರುಕ್ಕಕ್ಕ" ಅಂದ ಆಚಾರಿ. "ಅವನು ಬಾಗಿಲು ಹಾಕಲಿ ಅಂತ ಹಾಗೆ ಮಾಡಿದೆ. ನಾನೇ ಹೇಳಿಬಿಡುತ್ತೇನೆ ಅವನಿಗೆ."

"ಬೇಡ ಆಚಾರ್ರೆ. ಹೇಳಬೇಕಾದವಳು ನಾನು."

ಮಗನ ಎದುರಿಗೆ ಹೇಳುವ ಮೊದಲು ಒಮ್ಮೆ ಹೇಳಿ ನೋಡಬೇಕು ಅನ್ನಿಸಿತು ರುಕ್ಕುವಿಗೆ. ಒಬ್ಬಳೇ ಒಳಗೆ ಹೋದಳು. ತೆರೆದ ಬಾಗಿಲ ಬೆಳಕಿನಲ್ಲಿ ಮೂಲೆ ಕಾಣುತ್ತಿತ್ತು. ಭರಣಿ ಇತ್ತು, ಬಲೆ ಇತ್ತು, ಬಲೆಯ ಮೇಲೆ ಒಬ್ಬರು ಕೂತು ಎದ್ದ ತಗ್ಗು ಇತ್ತು. ರುಕ್ಕು ಆ ತಗ್ಗಿನ ಮೇಲೆ ಕೈ ಇಟ್ಟಳು. ಬೆಚ್ಚಗಿತ್ತು.

"ನೀವು ಬರುವುದಿಲ್ಲ" ಅಂದಳು.

ನಾಲ್ಕು ವರ್ಷದಲ್ಲಿ ಮೊದಲ ಸಲ ಅಂದಳು. ಮೂಲೆ ಹೂಂಗುಟ್ಟಲಿಲ್ಲ.

ಸರಿ, ಇನ್ನು ಹೇಳಬಹುದು. ಕಣ್ಣೊರೆಸಿಕೊಂಡು, ಮಾತನ್ನು ತುಟಿಯ ತುದಿಗೆ ತಂದುಕೊಂಡು ಹೊಸ್ತಿಲು ದಾಟಿದಳು. "ಮಗಾ, ಇಲ್ಲಿ ಕೇಳು..."

"ಒಂಬತ್ತು!" ಎಂದು ಕೂಗಿದ ನಾರ್ಣ.

ಆಗಲೇ ಎರಡನೆಯವಳೆಂದು ಎಣಿಸಿದ್ದ ತಾಯಿಯನ್ನೇ ಈಗ ಒಂಬತ್ತನೆಯವಳೆಂದು ಎಣಿಸಿದ್ದ.

"ಒಂಬತ್ತಮ್ಮ! ಸರಿಹೋಯಿತು! ಎಲ್ಲರೂ ಬಂದರು! ಒಬ್ಬರೂ ತಪ್ಪಲಿಲ್ಲ!"

ದಡಬಡ ಬಾಗಿಲು ಎಳೆದ. ಸಂದಿಗೆ ಬೆರಳು ಹಾಕಿ ನೋಡಿದ. ಬೆರಳು ಹೋಗಲಿಲ್ಲ. ತಾಯಿಯ ಕಡೆ ತಿರುಗಿ ಹಲ್ಲೆಲ್ಲ ಬಿಟ್ಟು ನಕ್ಕ.

"ಸರಿಯಾಗಿ ಎಣಿಸಿದೆನಾ ಅಮ್ಮ?"

ಆಚಾರಿ ನೋಡಿದ, ಗುಲಾಬಿ ನೋಡಿದಳು. ಈಗ ಬೈಗುಳ ಬರುತ್ತದೆ, ಈಗ ಹೊಸ ಬುದ್ಧಿಮಾತು ಬರುತ್ತದೆ ಎಂದು ಎಲ್ಲರೂ ಕಾದರು.

ರುಕ್ಕು ಒಮ್ಮೆ ಕೆಮ್ಮಿದಳು.

"ಹೂಂ" ಅಂದಳು.