ನಾನು ಚಿವುಟಿದ ಸಾಲು

ಸಾಸ್ ಕಾರ್ಖಾನೆಗೆ ನೂರ ಐವತ್ತು ಕ್ರೇಟು ಟೊಮೆಟೊ ಕೊಡಲು ಒಪ್ಪಿಕೊಂಡಿದ್ದೆ. ಒಂದು ಕ್ರೇಟು ಕಡಿಮೆಯಾದರೂ ವ್ಯಾಪಾರ ರದ್ದು. ತೋಟ ನನ್ನದು, ನೋಡಿಕೊಳ್ಳುವವಳು ಕೂಲಿಯ ನಾರೆಮ್ಮ.

ಆ ವಾರ ನಾನೊಂದು ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್ ನೋಡಿ ಬಂದಿದ್ದೆ. ಅಲ್ಲಿ ಬಳ್ಳಿ ಟೊಮೆಟೊವನ್ನು ದಾರಕ್ಕೆ ಹಬ್ಬಿಸಿ, ಎಲೆ ಸಂದಿಯ ಕವಲುಗಳನ್ನೆಲ್ಲ ಚಿವುಟುತ್ತಿದ್ದರು. ಬಂದವನೇ ಆಳುಗಳೆದುರು ನಾರೆಮ್ಮನ ಮೇಲೆ ಕೂಗಿದೆ: "ಇಪ್ಪತ್ತು ಸಾಲಿನ ಕವಲೂ ನಾಳೆಯೊಳಗೆ ಹೋಗ್ಬೇಕು. ಇಲ್ಲಾಂದ್ರೆ ನೀನು ಹೋಗ್ತೀಯ!"

"ಇದು ಪೊದೆ ಜಾತಿ, ಸಾವ್ಕಾರ್ರೇ. ಸೊಂಟದುದ್ದ ಬೆಳೆದು ನಿಂತುಬಿಡುತ್ತೆ. ಕವಲಲ್ಲೇ ಕಾಯಿ."

"ನಲವತ್ತು ವರ್ಷ ತರಕಾರಿ ಮಾರಿದ್ದೀನಿ. ನನಗೇ ಹೇಳ್ತೀಯ?"

ಅವಳು ನಕ್ಕಳು. "ಹಂಗಾದ್ರೆ ಮೊದಲ ಸಾಲು ನಿಮ್ಮ ಕೈಯಿಂದಲೇ ಆಗಲಿ. ಆ ಸಾಲು ಉಳಿದವಕ್ಕಿಂತ ಹೆಚ್ಚು ಹೂ ಬಿಟ್ಟ ದಿನ ಮಿಕ್ಕ ಹತ್ತೊಂಬತ್ತನ್ನೂ ನಾನು ಚಿವುಟ್ತೀನಿ."

ಹೊಗಳಿಕೆ ಅಂದುಕೊಂಡು ಒಪ್ಪಿದೆ. ಪಂಚೆ ಎತ್ತಿ ಕಟ್ಟಿ ಒಂದು ಸಾಲು ಬೋಳಿಸಿದೆ.

ಆ ದಿನ ಬರಲೇ ಇಲ್ಲ. ಹತ್ತೊಂಬತ್ತು ಸಾಲು ಹಳದಿ ಹೂವಿನಿಂದ ತುಂಬಿದವು. ನನ್ನದು ಬಟ್ಟೆ ಹರಿದ ಕೊಡೆಗಳ ಹಾಗೆ ನಿಂತಿತ್ತು. "ಉಗುರು ಕತ್ತರಿಸದೆ ಕಾಯ್ತಿದ್ದೀನಿ ಸಾವ್ಕಾರ್ರೇ," ಅಂತ ನಾರೆಮ್ಮ ದಿನಾ ಎಲ್ಲರೆದುರೂ ಕೈ ತೋರಿಸುತ್ತಿದ್ದಳು. ನಾನು ಆ ಸಾಲಿನ ಪಕ್ಕದ ಬದು ಬಿಟ್ಟು, ಸುತ್ತು ಹಾಕಿ ಓಡಾಡತೊಡಗಿದೆ.

ಕೊಯ್ಲಿನ ದಿನ ಬಂದ ಕಾರ್ಖಾನೆಯವನು ನನ್ನ ಸಾಲು ನೋಡಿ, "ಇದಕ್ಕೆ ಯಾವ ರೋಗ ಬಡಿಯಿತು?" ಅಂದ. ನಾರೆಮ್ಮ ಆಕಾಶ ನೋಡಿದಳು. ಆಳುಗಳೆಲ್ಲ ನನ್ನನ್ನು ನೋಡಿದರು.

"ನಾನೇ," ಅಂದೆ.

ಅವಳ ಹತ್ತೊಂಬತ್ತು ಸಾಲಿಗೆ ನೂರ ಐವತ್ತೆರಡು ಕ್ರೇಟು. ನನ್ನ ಸಾಲಿಗೆ ಅರ್ಧ ಕ್ರೇಟು.