ಕಂಬಕ್ಕೆ ಹೇಳಿದ ಮಾತು

ಗುಡ್ಡೇಕಲ್ಲಿನ ದೊರೆ ಸೂರಪ್ಪನಾಯಕ ಒಂದು ದಿನ ಆಸ್ಥಾನದ ವಿದೂಷಕ ಲಕ್ಕಯ್ಯನನ್ನು ಕರೆಸಿದ.

“ಲಕ್ಕಯ್ಯ, ಶುಕ್ರವಾರದೊಳಗೆ ರಾಣಿ ನನ್ನ ಹತ್ತಿರ ಮಾತಾಡಬೇಕು. ಮೊದಲು ಅವಳೇ ಬಾಯಿ ಬಿಡಬೇಕು. ಆಗಲಿಲ್ಲವೋ, ನಿನ್ನ ಅರ್ಧ ಮೀಸೆ ಬೋಳಿಸಿ ಗಡಿ ದಾಟಿಸ್ತೀನಿ.”

ಲಕ್ಕಯ್ಯ ಹೊರಗೆ ಬಂದರೆ ಬಾಗಿಲಲ್ಲೇ ರಾಣಿಯ ದಾಸಿ ನಿಂತಿದ್ದಳು. ಅವಳ ಹಿಂದೆ ಅಂತಃಪುರಕ್ಕೆ ಹೋದ. ಅಲ್ಲಿ ರಾಣಿ ನೀಲಗಂಗವ್ವ ಕಾದಿದ್ದಳು. ದೊರೆ ಅಂದದ್ದನ್ನೆಲ್ಲ ದಾಸಿ ಅವಳ ಕಿವಿಗೆ ಹಾಕಿದಳು.

“ಲಕ್ಕಯ್ಯ, ಶುಕ್ರವಾರದೊಳಗ ದೊರಿಗಳು ನನ್ನ ಕೂಡ ಮಾತಾಡಬೇಕು. ಮೊದಲ ಅವರೇ ಬಾಯಿ ಬಿಡಬೇಕು. ಇಲ್ಲಂದ್ರ, ದೊರಿ ಬೋಳಿಸಿ ಉಳಿದ ಅರ್ಧ ಮೀಸಿ ನಾ ಬೋಳಸ್ತೇನಿ.”

ಇಂಥಾ ಇಕ್ಕಟ್ಟು ಭೂಮಿ ಮೇಲೆ ಯಾವ ಮೀಸೆಗೂ ಬಂದಿರಲಿಲ್ಲ.

ಜಗಳ ಯಾಕೆ ಬಂತು ಕೇಳಿ. ದೊರೆ ರಾಗಿ ಸೀಮೆಯವನು. ರಾಣಿ ದೂರದ ಜೋಳದ ಸೀಮೆಯವಳು. ಮದುವೆಯಾದ ಹೊಸತು. ಒಂದು ಬೆಳಿಗ್ಗೆ ರಾಣಿ ತಟ್ಟೆಯಲ್ಲಿ ಎರಡು ಕಡುಬು ಬಿಟ್ಟಳು. ದೊರೆ ಅಕ್ಕರೆಯಿಂದ ಕೇಳಿದ, “ಯಾಕೆ, ತಿಂಡಿ ಜಾಸ್ತಿ ಆಯ್ತಾ?”

ಅವಳ ಸೀಮೆಯಲ್ಲಿ ತಿಂಡಿ ಅಂದರೆ ತುರಿಕೆ. ತಿಂಡಿ ಜಾಸ್ತಿ ಆಯ್ತಾ ಅಂದರೆ ಮೈ ಕೆರೀತಾ ಇದೆಯಾ, ಒದೆ ಬೇಕಾ ಅಂತ. ದಾಸಿಯರ ಮುಂದೆ ಹೀಗಂದರೆ ಯಾರು ಸುಮ್ಮನಿರ್ತಾರೆ?

“ತಿಂಡಿ ನಿಮಗ ಐತಿ! ನಿಮ್ಮ ವಂಶಕ್ಕೆಲ್ಲಾ ಐತಿ!” ಅಂತ ತಟ್ಟೆ ನೂಕಿ ಎದ್ದಳು.

ದೊರೆಗೂ ಸಿಟ್ಟು ಬಂತು. “ನಮ್ಮ ವಂಶದೋರೆಲ್ಲ ತಿಂಡಿಪೋತರು ಅಂದಳಲ್ಲ!”

ಅವತ್ತಿಂದ ಮಾತಿಲ್ಲ. ಗಂಡಹೆಂಡಿರು ಮಾತು ಬಿಟ್ಟಾಗ ಯಾರಿಗೆ ಹೇಳ್ತಾರೆ? ಮನೆ ಕಂಬಕ್ಕೆ. ಬಡವರ ಮನೇಲಿ ಮರದ ಕಂಬ, ಅರಮನೇಲಿ ಕಲ್ಲಿನದು, ಅಷ್ಟೇ ವ್ಯತ್ಯಾಸ. ಆ ಕಂಬ ಎಷ್ಟು ದಪ್ಪ ಅಂದರೆ ಹನ್ನೆರಡು ಆನೆ ಸೊಂಡಿಲಿಗೆ ಸೊಂಡಿಲು ಸೇರಿಸಿ ತಬ್ಬಿದರೂ ಒಂದು ಗೇಣು ಸಾಲದು. ಸುಳ್ಳಲ್ಲ, ಅದನ್ನು ಎತ್ತಿ ನಿಲ್ಲಿಸಿದವನೇ ನಮ್ಮ ಮುತ್ತಾತ. ಎಡಗೈಯಲ್ಲಿ. ಬಲಗೈಯಲ್ಲಿ ಎಲೆಯಡಿಕೆ ಹಾಕಿಕೊಳ್ತಾ ಇದ್ದ.

“ಕಂಬವೇ, ಮೋಡ ಕಟ್ಟಿದೆ, ಕೆಲವರು ತೋಟಕ್ಕೆ ಹೋಗದಿದ್ದರೆ ಒಳ್ಳೇದು” ಅನ್ನೋನು ದೊರೆ.

“ಕಂಬಪ್ಪಾ, ನೆಗಡಿ ಆದವ್ರು ಮೊಸರು ಉಣ್ಣಬಾರದಂತ ಹೇಳು” ಅನ್ನೋಳು ರಾಣಿ.

ಹೀಗೇ ಮೂರು ತಿಂಗಳು. ಆಸ್ಥಾನದೋರು ಬಂದರೆ ಮೊದಲು ಕಂಬಕ್ಕೆ ಕೈ ಮುಗಿದು, ಆಮೇಲೆ ದೊರೆಗೆ ಮುಗಿಯೋದು ಅಭ್ಯಾಸವಾಗಿಬಿಟ್ಟಿತ್ತು.

ಲಕ್ಕಯ್ಯ ದೊರೆ ಹತ್ತಿರ ಹೋಗಿ ಬಿಡಿಸಿ ಹೇಳಿದ. “ಪ್ರಭು, ಅವರ ಕಡೆ ತಿಂಡಿ ಅಂದರೆ ತುರಿಕೆ. ಅವರು ನಿಮ್ಮನ್ನ ಹೊಟ್ಟೆಬಾಕ ಅನ್ನಲಿಲ್ಲ.”

“ಗೊತ್ತು ಕಣಯ್ಯ. ಮಾರನೇ ದಿನವೇ ಗೊತ್ತಾಯ್ತು.”

“ಮತ್ತೆ?”

“ಮೊದಲು ಅವಳು ಮಾತಾಡಲಿ.”

ರಾಣಿಗೂ ಹೇಳಿದ. “ತಾಯಿ, ಈ ಕಡೆ ತಿಂಡಿ ಅಂದರೆ ಬೆಳಗಿನ ಫಲಾರ.”

“ಗೊತ್ತೈತೋ. ಅಡಗಿ ಅಜ್ಜಿ ಅವತ್ತ ಸಂಜಿಗೇ ಹೇಳ್ಯಾಳ.”

“ಮತ್ತೆ?”

“ಮೊದಲ ಅವರು ಮಾತಾಡ್ಲಿ.”

ತಿಳಿಯದೆ ಆದ ಜಗಳ ಒಂದು ದಿನಕ್ಕೆ ಮುಗೀತು. ತಿಳಿದ ಮೇಲಿನ ಜಗಳ ಮೂರು ತಿಂಗಳು ನಡೀತು. ದೊಡ್ಡವರ ವಿಷಯ!

ಶುಕ್ರವಾರ ಬಂತು. ಸಭೆ ತುಂಬಿತ್ತು. ಕಂಬದ ಈ ಕಡೆ ದೊರೆ, ಆ ಕಡೆ ರಾಣಿ. ಮೂಲೆಯಲ್ಲಿ ಹಜಾಮ ಕತ್ತಿ ಮಸೀತಾ ಕೂತಿದ್ದ.

ಲಕ್ಕಯ್ಯ ಬಂದವನೇ ಕಂಬಕ್ಕೆ ಕಿವಿ ಹಚ್ಚಿ ನಿಂತ. “ಹೂಂ... ಹೂಂ... ಅಯ್ಯೋ ಪಾಪ!”

ದೊರೆ ಗದರಿದ. “ಏನಯ್ಯಾ ಅದು?”

“ಪ್ರಭು, ಕಂಬ ಇವತ್ತು ಉತ್ತರ ಕೊಡ್ತಾ ಇದೆ. ಮೂರು ತಿಂಗಳು ಬರೀ ಕೇಳಿಸಿಕೊಂಡಿದೆ, ಅದಕ್ಕೂ ಒಂದು ಮಾತು ಬೇಡವೇ? ನಿನ್ನೆ ನಿಮ್ಮಿಬ್ಬರಲ್ಲಿ ಒಬ್ಬರು ಒಂಟಿಯಾಗಿ ಬಂದು ಅತ್ತರಂತೆ. ‘ಕಂಬವೇ, ಇನ್ನು ಸಾಕು. ಈ ಮದುವೆ ನನಗೆ ಬೇಡ, ನಾಳೆಯೇ ಬೇರೆಯಾಗ್ತೀನಿ’ ಅಂದರಂತೆ.”

ಸಭೆಯೆಲ್ಲ ಕಂಬದ ಕಡೆ ಕತ್ತು ಚಾಚಿತು.

“ಯಾರು ಅಂತ ಹೇಳು ಅಂದೆ. ಹೇಳಲ್ಲವಂತೆ. ನಂಬಿ ಹೇಳಿದ ಗುಟ್ಟು, ಕಲ್ಲಿಗೂ ಮಾನ ಇರ್ತದೆ.”

ದೊರೆಗೆ ಗೊತ್ತು, ತಾನು ಹಾಗನ್ನಲಿಲ್ಲ. ರಾಣಿಗೂ ಗೊತ್ತು, ತಾನನ್ನಲಿಲ್ಲ. ಹಾಗಾದರೆ ಅಂದದ್ದು ಇನ್ನೊಬ್ಬರೇ! ರಾಣಿಯ ಕಣ್ಣು ತುಂಬಿತು. ಇಬ್ಬರೂ ಒಂದೇ ಸಲ ಕಂಬ ಬಳಸಿ ಬಗ್ಗಿದರು.

“ನೀನಾ?”

“ನೀವಾ?”

ಎರಡೂ ಒಂದೇ ಉಸಿರಿಗೆ ಬಂತು. ನಡುವೆ ಸಾಸಿವೆ ತೂರಿಸೋಕೂ ಸಂದಿಲ್ಲ.

“ನಾನಲ್ಲ ಕಣೇ!”

“ನಾನೂ ಅಲ್ರೀ!”

ಒಂದು ಗಳಿಗೆ ಇಬ್ಬರೂ ನೆಮ್ಮದಿಯಾಗಿ ನೋಡಿಕೊಂಡರು. ಆಮೇಲೆ ದೊರೆಗೆ ನೆನಪಾಯಿತು. “ಆಹಾ! ಮೊದಲು ನೀನೇ ಮಾತಾಡಿದ್ದು!”

“ಏ ಹೋಗ್ರಿ, ಮೊದಲ ನೀವು!”

ಹಜಾಮ ಎದ್ದು ಬಂದ. “ಮಹಾಸ್ವಾಮಿ, ಯಾವ ಕಡೆ ಮೀಸೆ?”

“ಅವರಿಬ್ಬರೂ ಎದುರು ಬದುರು ಕೂತು, ಯಾರು ಮೊದಲು ಅಂತ ಒಪ್ಪಲಿ” ಅಂದ ಲಕ್ಕಯ್ಯ. “ಒಪ್ಪಿದ ದಿನ ಬಾರಪ್ಪ.”

ದೊರೆ ಹುಬ್ಬು ಗಂಟು ಹಾಕಿದ. “ಲಕ್ಕಯ್ಯ, ತುಂಬಿದ ಸಭೇಲಿ ಸುಳ್ಳು ಹೇಳಿದೆ. ಅದಕ್ಕೆ ಗಡೀಪಾರೇ ಶಿಕ್ಷೆ!”

“ನಾನೆಲ್ಲಿ ಹೇಳಿದೆ ಪ್ರಭು? ಹೇಳಿದ್ದು ಕಂಬ. ಈಗಲೇ ಕಿತ್ತು ಗಡಿ ದಾಟಿಸಿ. ಆದರೆ ಕೀಳೋ ಮೊದಲು ಇಬ್ಬರೂ ಆಚೆ ಬಂದುಬಿಡಿ. ಮೇಲಿರೋ ಮಾಳಿಗೆಗೆ ಯಾರು ರಾಗಿ, ಯಾರು ಜೋಳ ಅನ್ನೋ ಭೇದ ತಿಳಿಯಲ್ಲ.”

ದೊರೆ ಮಾಳಿಗೆ ನೋಡಿದ, ರಾಣಿಯನ್ನು ನೋಡಿದ, ಹೊಟ್ಟೆ ಹಿಡಿದು ನಕ್ಕ. “ಇವನಿಗೊಂದು ಜರಿಪೇಟ ತನ್ನಿ!”

“ಪೇಟ ಯಾಕ್ರೀ? ತಲಿಗೆ ನಮ್ಮ ಕಡೆ ರುಮಾಲು ಸುತ್ತೂಣು” ಅಂದಳು ರಾಣಿ.

“ಈ ಸೀಮೇಲಿ ಪೇಟವೇ ಮರ್ಯಾದೆ!”

“ರುಮಾಲಿಗೇನ ಕಡಿಮಿ ಆಗೇತಿ? ಕುಂದ್ರಿ, ಹೇಳ್ತೇನಿ!”

ಲಕ್ಕಯ್ಯ ಬರಿತಲೆಯಲ್ಲೇ ಮೆಲ್ಲಗೆ ಹೊರಗೆ ಬಂದ. ಬಾಗಿಲ ಕಾವಲಿನವನು ಕೇಳಿದ, “ಏನ್ ಲಕ್ಕಣ್ಣ, ಬಹುಮಾನ ಎಲ್ಲಿ?”

“ಒಳಗೆ ಜಗಳ ಆಡ್ತಾ ಇದೆಯಲ್ಲಪ್ಪ,” ಅಂದ ಲಕ್ಕಯ್ಯ, “ಕೇಳಿಸ್ತಾ ಇಲ್ವಾ?”