ಮಾಮಲೇದಾರರ ಕಹಳೆ

ಹೊಳೆಯ ಈಚೆ ಇಂಗ್ರೇಜಿ ಸರಕಾರ, ಆಚೆ ನಿಜಾಮರದು. ದರೋಡೆಕೋರರು ಈಚೆ ದೋಚಿ, ಆಚೆ ಹೋಗಿ ಉಣ್ಣುತ್ತಿದ್ದರು. ತಾಲೂಕಿನ ಮಾಮಲೇದಾರರು ಕಹಳೆ ಊದಿಸಿಕೊಂಡು ಬರುವಷ್ಟರಲ್ಲಿ ಒಬ್ಬನೂ ಇರುತ್ತಿರಲಿಲ್ಲ.

ನಾಲ್ಕನೇ ಸಲವೂ ಬರಿಗೈಯಾದಾಗ ಅವರು ಊರು ಕಾಯುವ ತಳವಾರ ದ್ಯಾವಪ್ಪನ ಮೇಲೆ ಹರಿಹಾಯ್ದರು. "ಇನ್ನೊಮ್ಮೆ ಊರಾಗ ಕಳವಾದ್ರ ನಿನ್ನ ಕೆಲಸ ಹೋತು!"

ಕಾದು ಕಾದು ದಣಿದಿದ್ದ ದ್ಯಾವಪ್ಪ ಕೈಮುಗಿದ. "ಕಹಳಿ ಬಿಟ್ಟು ಹೋಗ್ರಿ ಸಾಹೇಬ್ರ. ಕಳ್ಳರು ಕಂಡ ಕೂಡ್ಲೆ ಊದಿ ತಮ್ಮನ್ನ ಕರೀತೀನಿ."

ಕಳ್ಳರ ಕುದುರೆ ಕಂಡಾಗಲೆಲ್ಲ ಅವನು ಊರಬಾಗಿಲ ಅಗಸಿ ಹತ್ತಿ ಊದಿದ. ಮಾಮಲೇದಾರರೇ ಬಂದರೆಂದು ತಿಳಿದು ಕಳ್ಳರು ಹೊಳೆ ದಾಟಿ ಓಡಿದರು. ಮೂರು ತಿಂಗಳು ಒಂದು ಕೋಳಿಯೂ ಕಳುವಾಗಲಿಲ್ಲ.

ಕೊನೆಗೆ ಮಾಮಲೇದಾರರೇ ಬಂದರು. "ಕಹಳಿ ಕೊಡು. ಅದಿಲ್ಲದ ನಾ ಬಂದದ್ದು ಯಾರಿಗೂ ಗೊತ್ತಾಗವಲ್ದು."

"ಅದು ಇಲ್ಲೇ ಇರ್ಲಿ ಬಿಡ್ರಿ ಸಾಹೇಬ್ರ," ಎಂದ ದ್ಯಾವಪ್ಪ, ಆಕಳಿಸುತ್ತ. "ಅದಿದ್ರ ನೀವು ಬರದಿದ್ದದ್ದೂ ಯಾರಿಗೂ ಗೊತ್ತಾಗವಲ್ದು."